ಕಚಗುಳಿ ಪರಿಶೀಲನಾಧಿಕಾರಿ

ದೂರದ ಸ್ಥಳಗಳಿಗೆ ವರ್ಗವಾದ ನೌಕರರು ಅಲ್ಲಿಂದಲೇ ತಮ್ಮ ಮಕ್ಕಳಿಗೆ ಕಚಗುಳಿ ಇಡಲು ಅನುಕೂಲವಾಗುವಂತೆ ನೀರಾವರಿ ಇಲಾಖೆಯು ಸ್ಪರ್ಶಪಟ್ಟಿ ಎಂಬ ಸೌಲಭ್ಯವನ್ನು ಜಾರಿಗೆ ತಂದಿತು. ಅಪ್ಪ ತನ್ನ ಪಟ್ಟಿಯ ಮೇಲೆ ಬೆರಳಾಡಿಸಿದರೆ ಸಾಕು, ಮನೆಯಲ್ಲಿ ಮಗುವಿನ ಸೊಂಟಕ್ಕೆ ಕಟ್ಟಿದ ಪಟ್ಟಿ ಹಾಗೇ ಕಚಗುಳಿ ಇಡುತ್ತಿತ್ತು. ಇನ್ನು ಯಾರೂ ಊರಿಗೆ ವಾಪಸ್ ಹಾಕಿ ಎಂದು ಅಂಗಲಾಚುವುದಿಲ್ಲವೆಂಬುದು ಇಲಾಖೆಯ ಸದಾಶಯ.

ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಮೆಕ್ಯಾನಿಕ್ ಮೊದಲ ಫಲಾನುಭವಿ. ಆತ ಸಂಜೆ ಬೆರಳಾಡಿಸಿದ. ಐದು ವರ್ಷದ ಮಗಳು ಚಾಪೆಯ ಮೇಲೆ ಉರುಳಾಡಿ ನಕ್ಕಳು. ತಿರುಗಿ ತಾನೂ ತನ್ನ ಪಟ್ಟಿಯ ಮೇಲೆ ಬೆರಳಾಡಿಸಿದಳು. ಗೇಟಿನ ಕೋಣೆಯಲ್ಲಿ ಒಬ್ಬನೇ ಇದ್ದ ಅಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

ಪೂರ್ವಾನುಮತಿ ಇಲ್ಲದೆ ನಗು ಉಂಟಾಗಿರುವುದು ಮೇಲಿನವರ ಗಮನಕ್ಕೆ ಬಂತು. ಇಲಾಖೆಯ ಸಾಧನದ ಮೂಲಕ ಹೋಗುವ ಸ್ಪರ್ಶವು ಇಲಾಖೆಯದೇ ಸ್ಪರ್ಶ. ಆದ್ದರಿಂದ ಪ್ರತಿ ಕಚಗುಳಿಯೂ ಮೊದಲು ಪರಿಶೀಲನಾಧಿಕಾರಿಯ ಸೊಂಟಕ್ಕೆ ಬರತಕ್ಕದ್ದು. ಅವರು ನಕ್ಕಲ್ಲಿ ಮಾತ್ರ ಮಗುವಿಗೆ ರವಾನೆಯಾಗತಕ್ಕದ್ದು ಎಂದು ಆದೇಶವಾಯಿತು.

ಈ ಹುದ್ದೆಗೆ ಬಂದ ಹಿರಿಯರೊಬ್ಬರು ಮೊದಮೊದಲು ನಿಷ್ಠೆಯಿಂದ ನಕ್ಕರು. ಆಮೇಲೆ ಮೈ ಜಡ್ಡುಗಟ್ಟಿತು. ಕಚಗುಳಿಗಳು ‘ನಗು ಬರಲಿಲ್ಲ’ ಎಂಬ ಷರಾದೊಂದಿಗೆ ವಾಪಸಾದವು.

ಮಗಳು ಮಂಕಾದಳು. ತಾಯಿ ಅವಳನ್ನು ಎಳೆದುಕೊಂಡು ಕಚೇರಿಗೆ ಬಂದಳು.

“ಸಾರ್, ಮಗು ಸರಿಯಾಗಿ ಊಟಾನೇ ಮಾಡ್ತಿಲ್ಲ. ಇದೊಂದು ಸಲ ಬಿಟ್ಬಿಡಿ.”

“ನನಗೇನು ಬೇಡ ಅಂತಿದೆಯೇನಮ್ಮಾ? ನಿಮ್ಮೆಜಮಾನರದ್ದು ಈಗಲೂ ಸೊಂಟದಲ್ಲೇ ಆಡ್ತಿದೆ. ನಗು ಬರಬೇಕಲ್ಲ.”

“ಹೋಗ್ಲಿ, ಅವರಿಗೆ ನಾಲ್ಕು ದಿನ ರಜೆನಾದ್ರೂ ಕೊಡಿ.”

“ಕಚಗುಳಿ ಸೌಲಭ್ಯ ಇರೋರಿಗೆ ರಜೆ ಬರಲ್ಲ.”

ಅಷ್ಟರಲ್ಲಿ ಮೇಜಿನಡಿಯಿಂದ ನುಸುಳಿದ ಮಗಳು ಅಧಿಕಾರಿಗಳ ಪಕ್ಕೆಗೆ ಎರಡೂ ಕೈ ಹಾಕಿದಳು. ಅವರು ಕುರ್ಚಿಸಮೇತ ಹಿಂದಕ್ಕೆ ವಾಲಿ ಗಹಗಹಿಸಿ ನಕ್ಕರು. ನಿಯಮದಂತೆ ಅಪ್ಪನ ಕಚಗುಳಿ ಮಂಜೂರಾಯಿತು. ಮಗಳು ಅಲ್ಲೇ ನೆಲದ ಮೇಲೆ ಉರುಳಾಡಿದಳು.

ಇದನ್ನು ಸುಧಾರಣೆಯೆಂದು ಪರಿಗಣಿಸಲಾಯಿತು. ಈಗ ಸ್ಕೂಲು ಬಿಟ್ಟ ಕೂಡಲೇ ಮಕ್ಕಳೆಲ್ಲ ಕಚೇರಿಯೆದುರು ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಿ ಅಧಿಕಾರಿಗಳಿಗೆ ಕಚಗುಳಿ ಇಟ್ಟು, ತಮ್ಮ ಅಪ್ಪಂದಿರದನ್ನು ಬಿಡಿಸಿಕೊಂಡು ಬರುತ್ತಾರೆ. ತಾಯಂದಿರು ಹೊರಗೆ ಬೆಂಚಿನಲ್ಲಿ ಕೂತು ತರಕಾರಿ ಸೋಸುತ್ತಾರೆ.

ಮೊನ್ನೆ ಮೆಕ್ಯಾನಿಕ್ ಮನೆಗೆ ಫೋನು ಮಾಡಿದ.

“ಸಿಕ್ತಾ ಪುಟ್ಟೀ?”

“ಸಿಕ್ತಪ್ಪ. ನಾಳೆ ಇಲ್ಲ. ಆಫೀಸ್ ತಾತಂಗೆ ರಜೆ ಅಂತೆ.”

“ಸರಿ ಬಿಡು,” ಅಂದ ಅಪ್ಪ. “ಸೋಮವಾರ ನಗೋಣ.”