ಕಾರು ನನ್ನದು, ಚುಕ್ಕಿ ಪ್ಯಾಸೆಂಜರದು

ಈ ವಾರವಾದರೂ ನೆಟ್ಟಗೆ ಕಳೆಯಲಿ ಎಂದುಕೊಂಡು ಪ್ರತಿ ಸೋಮವಾರ ಕಾರು ಒರೆಸುತ್ತಿದ್ದೆ. ಮಂಗಳವಾರದೊಳಗೆ ಹಿಂದಿನ ಸೀಟಿನಲ್ಲಿ ಏನಾದರೊಂದು ನಡೆದೇ ನಡೆಯುತ್ತಿತ್ತು.

ಮೊಬೈಲಿನಲ್ಲಿ ಕರೆದರೆ ಬಾಗಿಲಿಗೆ ಬರುವ ಕಾರು ನನ್ನದು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಕಡೆ ತಿರುಗುತ್ತಿದ್ದೆ. ಇಳಿದವರು ಒಂದರಿಂದ ಐದರವರೆಗೆ ಚುಕ್ಕಿ ಕೊಡುತ್ತಾರೆ. ಸರಾಸರಿ ನಾಲ್ಕರ ಕೆಳಗೆ ಇಳಿದರೆ ನಮ್ಮ ಆ್ಯಪಿನವರು ಹೆಸರು ತೆಗೆದುಹಾಕುತ್ತಾರೆ. ನಾನು ಕಾರು ಬಿಟ್ಟರೆ ಬೇರೆ ಕೆಲಸ ಕಲಿತವನಲ್ಲ. ಅದಕ್ಕೇ ಯಾರು ಬೈದರೂ ಹಲ್ಲು ಕಿಸಿಯುತ್ತಿದ್ದೆ. ಡ್ರೈವರ್ ಹೇಗಿರಬೇಕು ಎಂದು ಆ್ಯಪಿನಲ್ಲಿ ಎರಡು ಪುಟ ಬರೆದಿದ್ದಾರೆ. ಪ್ಯಾಸೆಂಜರ್ ಹೇಗಿರಬೇಕು ಎಂದು ಒಂದು ಸಾಲಾದರೂ ಬರೆಯಬಾರದಿತ್ತೇ?

ಕೇಳಿದ ತಪ್ಪು

ಆಳಂದದಲ್ಲಿ ಒಂದು ಮನೆಯವರು ಹೆಣ್ಣು ನೋಡಲು ಹೊರಟಿದ್ದರು. ಅವರು ಮೊಬೈಲಿನಲ್ಲಿ ಒತ್ತಿದ ಜಾಗ ಸರಸಂಬಾ ಊರು ದಾಟಿ ಯಾರದೋ ತೊಗರಿ ಹೊಲದ ನಡುವೆ ತೋರಿಸುತ್ತಿತ್ತು. ನಾಲ್ವರೂ ಹತ್ತಿ ಕೂತ ಮೇಲೆ, "ಎಲ್ಲಿಗ್ರಿ ಹೋಗೋದು?" ಎಂದೆ.

ಮನೆಯ ಹಿರಿಯಾಕೆಯ ಮುಖ ಕಪ್ಪಾಯಿತು. "ಒಳ್ಳೆ ಕೆಲಸಕ್ಕ ಹೊಂಟವರಿಗಿ ಎಲ್ಲಿಗಿ ಅಂತ ಕೇಳ್ತಾರೇನೋ ತಮ್ಮಾ? ಇಳೀರಿ ಎಲ್ಲಾರು!"

ಎಲ್ಲರೂ ಇಳಿದರು. ಒಳಗೆ ಹೋಗಿ ಕಾಲು ತೊಳೆದು, ನೀರು ಕುಡಿದು, ಹೊಸದಾಗಿ ಹೊರಡುವವರಂತೆ ದೇವರಿಗೆ ಕೈಮುಗಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಹೊಲ ದಾಟಿದ ಮೇಲೂ ನಾನು ಬಾಯಿಗೆ ಬೀಗ ಹಾಕಿಕೊಂಡು ಸೀದಾ ಓಡಿಸಿದೆ. ಎರಡು ಊರು ದಾಟಿದ ಮೇಲೆ ಹಿಂದಿನಿಂದ ಆಕೆಯೇ ಕೂಗಿದರು.

"ಅಯ್ಯ, ನಮ್ಮ ದಾರಿ ಹಿಂದ ಉಳೀತಲ್ಲೋ! ಎಲ್ಲಿಗಿ ಅಂತ ಒಂದು ಮಾತು ಕೇಳಬಾರದೇನು?"

ನಾಲ್ಕು ಮಂದಿ

ಅಫಜಲಪುರದವನೊಬ್ಬ ನಾಲ್ಕು ಮಂದಿ ಎಂದು ಕಾರು ಕರೆಸಿದ. ಬಂದವರು ಏಳು.

"ಹುಡುಗ್ರು ಲೆಕ್ಕಕ್ಕಿಲ್ಲ ಬಿಡ್ರಿ," ಎಂದ. ಆ ಹುಡುಗರಲ್ಲಿ ಒಬ್ಬನಿಗೆ ಮೀಸೆ ಇತ್ತು. ಸೊನ್ನದ ಕ್ರಾಸಿನಲ್ಲಿ ಕಾರು ಕರೆಸಿದವನ ಮಾವ ಜೋಳದ ಚೀಲದ ಸಮೇತ ಕಾಯುತ್ತಿದ್ದರು. "ನಿಲ್ಲಿಸ್ರಿ, ನಿಲ್ಲಿಸ್ರಿ, ನಮ್ಮವರೇ!" ಮಾವ ನನ್ನ ಪಕ್ಕಕ್ಕೆ ಬಂದರು, ಚೀಲ ಅವರ ತೊಡೆಗೆ ಬಂತು. ನಾನು ಗೇರ್ ಬದಲಿಸಬೇಕಾದಾಗಲೆಲ್ಲ ಅವರ ಅಪ್ಪಣೆ ಕೇಳಬೇಕಾಯಿತು. ಅದಕ್ಕೂ ನಕ್ಕೆ. ಇಳಿದವನು ನನಗೆ ಕಾಣುವಂತೆಯೇ ಎರಡು ಚುಕ್ಕಿ ಒತ್ತಿ, ಕೆಳಗೆ ಕಾರಣವನ್ನೂ ಬರೆದ:

"ಗಾಡ್ಯಾಗ ಭಾಳ ಇಕ್ಕಟ್ಟು."

ಮಾಸ್ತರರು

ಇಷ್ಟೆಲ್ಲ ಆಗಿ ನನ್ನ ಸರಾಸರಿ ನಾಲ್ಕರ ಅಂಚಿಗೆ ಬಂದು ನಿಂತಿತ್ತು. ಆಗ ಸಿಕ್ಕವರು ಜೇವರ್ಗಿಯ ನಿವೃತ್ತ ಹೆಡ್ ಮಾಸ್ತರರು. ಕಣ್ಣು ತೋರಿಸಲು ಆ ತಿಂಗಳು ಮೂರು ಸಲ ಕಲಬುರಗಿಗೆ ನನ್ನ ಕಾರಿನಲ್ಲೇ ಹೋದರು. ಅಂಥ ಪ್ಯಾಸೆಂಜರರನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ಹೋಗುವ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಚಪ್ಪಲಿ ಝಾಡಿಸಿ ಹತ್ತುತ್ತಿದ್ದರು. ಬಾಗಿಲನ್ನು ಸದ್ದಾಗದಂತೆ ಹಾಕುತ್ತಿದ್ದರು. ನಾನೂ ಅವರ ಕೈಹಿಡಿದು ಡಾಕ್ಟರ ಖೋಲಿಯವರೆಗೆ ಬಿಟ್ಟು ಬರುತ್ತಿದ್ದೆ.

ಆದರೂ ಚುಕ್ಕಿ ಇಳಿಯುತ್ತಲೇ ಹೋಯಿತು. ಯಾರು ಎಷ್ಟು ಕೊಟ್ಟರೆಂದು ನಮಗೆ ತೋರಿಸುವುದಿಲ್ಲ. ದಾರಿಯುದ್ದಕ್ಕೂ ಗುಟಕಾ ಉಗುಳಿ ಬಾಗಿಲು ಕೆಂಪು ಮಾಡಿದ ಒಬ್ಬನ ಮೇಲೆ ನನಗೆ ಗುಮಾನಿ. ಅವನಿಗೆ ಮನಸ್ಸಿನಲ್ಲೇ ದಿನಾ ಶಾಪ ಹಾಕುತ್ತಿದ್ದೆ.

ಮೂರನೆಯ ಸಲ ಮಾಸ್ತರರನ್ನು ಮನೆ ಮುಟ್ಟಿಸಿದೆ. ಅವರು ಅಲ್ಲೇ ನಿಂತು ಮೊಬೈಲು ಒತ್ತಿದರು. ನನ್ನ ಮೊಬೈಲು ಟಣ್ ಎಂದಿತು. ಸರಾಸರಿ ನಾಲ್ಕಕ್ಕಿಂತ ಕಡಿಮೆ, ನಿಮ್ಮ ಹೆಸರು ತೆಗೆಯಲಾಗಿದೆ ಎಂದಿತ್ತು. ಅದನ್ನೇ ಮತ್ತೆ ಮತ್ತೆ ಓದಿದೆ.

"ಯಾಕ್ರಿ, ಏನಾತು?" ಎಂದರು ಮಾಸ್ತರರು.

"ಚುಕ್ಕಿ ಕಡಿಮಿ ಬಂದಾವಂತ ತೆಗದಾರ್ರಿ ಸರ್."

"ಸಾಧ್ಯನೇ ಇಲ್ಲ! ನಾ ಮೂರೂ ಸಲ ನಿಮಗ ಒಂದನೇ ನಂಬರ್ ಕೊಟ್ಟೇನಿ. ನೋಡ್ರಿ ಇಲ್ಲಿ." ಮೊಬೈಲು ನನ್ನ ಮುಖಕ್ಕೆ ಹಿಡಿದರು. ಒಂದು ಚುಕ್ಕಿ ಬೆಳಗುತ್ತಿತ್ತು, ಉಳಿದ ನಾಲ್ಕೂ ಆರಿದ್ದವು. "ಮೂವತ್ತು ವರ್ಷ ಸಾಲ್ಯಾಗ ನಂಬರ್ ಹಾಕೇನಿ, ಇಷ್ಟು ಖುಷಿಯಿಂದ ಯಾರಿಗೂ ಒಂದನೇ ನಂಬರ್ ಕೊಟ್ಟಿಲ್ಲ. ಹೋದ ವಾರ ಒಬ್ಬ ಡ್ರೈವರ್ ನನ್ನ ಅರ್ಧ ದಾರ್ಯಾಗ ಇಳಿಸಿ ಹೋದ. ಅವನ್ನ ಐದನೇ ನಂಬರಿಗಿ ತಳ್ಳೇನಿ!"

ಆ ಪುಣ್ಯಾತ್ಮ ಇನ್ನೂ ಓಡಿಸುತ್ತಿದ್ದಾನೆ. ನನಗೆ ಅಳು ಬಂತು. ಮಾಸ್ತರರ ಕಣ್ಣಲ್ಲೂ ನೀರು ಕಂಡು, ತಪ್ಪು ನಿಮ್ಮದೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಅವರು ನನ್ನ ಬೆನ್ನು ತಟ್ಟಿದರು. "ಅಳಬ್ಯಾಡ್ರಿ. ನಿಮ್ಮಂಥವರನ್ನ ತೆಗೀತಾರಂದ್ರ ಈ ಆ್ಯಪಿನವರಿಗೂ ಬುದ್ಧಿ ಕಲಿಸಬೇಕು." ಹಾಗೆಂದವರೇ ಕನ್ನಡಕ ಏರಿಸಿಕೊಂಡು, ಸಿಟ್ಟಿನಿಂದ ಹಲ್ಲು ಕಚ್ಚಿ, ನನ್ನ ಎದುರಿಗೇ ಆ್ಯಪಿಗೆ ಐದು ಚುಕ್ಕಿ ಒತ್ತಿದರು.