ಬಟನ್‌ಗಳಿಗೆ ಬಾಯಿ ಬಂತು

ಕಣ್ಣು ಕಾಣದವರ ಕಂಪ್ಯೂಟರಿಗೆ ಮಾತು ಕೂಡಿಸುವುದು ನನ್ನ ಕೆಲಸ. ಪರದೆಯ ಮೇಲಿದ್ದದ್ದನ್ನು ಯಂತ್ರವೇ ಓದಿ ಹೇಳಬೇಕು. ಬೈಲಹೊಂಗಲದಲ್ಲಿ ಬಸ್ಸು ಹತ್ತಿ ಕಿತ್ತೂರು, ರಾಮದುರ್ಗ ಎಂದು ಕರೆದಲ್ಲಿಗೆ ಹೋಗುತ್ತೇನೆ. ಯಂತ್ರ ಸುಮ್ಮನಿದ್ದರೂ ಜನ ಸುಮ್ಮನಿರುವುದಿಲ್ಲ. ಎಲ್ಲ ಕಡೆಯೂ ಏನಾದರೊಂದು ನಡೆಯುತ್ತದೆ. ಮುನವಳ್ಳಿಯ ಒಂದು ಬೀಜ-ಗೊಬ್ಬರದ ಸಂಘದಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿಯದಷ್ಟೇ ಹೇಳುತ್ತೇನೆ.

ಅಲ್ಲಿನ ಗುಮಾಸ್ತನಿಗೆ ಹುಟ್ಟಿನಿಂದ ಕಣ್ಣಿಲ್ಲ. ಸಂಘಕ್ಕೆ ಬಂದ ಹೊಸ ಸಾಫ್ಟ್‌ವೇರ್ ಅವನ ಪಾಲಿಗೆ ಮೂಕ. ಸೆಕ್ರೆಟರಿ ಹೇಳಿದ: "ಸೋಮವಾರ ಅಧ್ಯಕ್ಷರು ಬರ್ತಾರ್ರಿ. ಅವರ ಮುಂದ ಇವ ಬೀಜದ ಚೀಟಿ ತಗದು ತೋರ್ಸಬೇಕು. ಇಲ್ಲಂದ್ರ ಗೋದಾಮಿನ್ಯಾಗ ಚೀಲಾ ಕಾಯ್ಕೋತ ಕುಂದರ್ಲಿ."

ಗುಮಾಸ್ತ ಹದಿನೈದು ವರ್ಷ ಕುಳಿತ ಕುರ್ಚಿ ಅದು.

೧. ಕಪ್ಪು ಪರದೆ

ಮೊದಲ ದಿನ ಗುಮಾಸ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪತ್ರ ಬರೆಯುತ್ತಿದ್ದ. ಪತ್ರ ಬರೆಯುವಷ್ಟು ಮಾತು ಯಂತ್ರಕ್ಕೆ ಮೊದಲೇ ಬರುತ್ತಿತ್ತು. ಪರದೆ ಬಂದ್. ಅವನಿಗೇಕೆ ಅದು?

ಅದನ್ನು ನೋಡಿದ ಕಚೇರಿಯ ಸಿಪಾಯಿ ಸೆಕ್ರೆಟರಿಯ ಕಡೆ ಓಡಿದ. "ಸಾಹೇಬ್ರ, ಬಂದ್ ಬಿದ್ದ ಮಷೀನ್ ಮ್ಯಾಲ ಮುಂಜಾನಿಂದ ಬಡ್ಯಾಕ ಹತ್ಯಾನ್ರಿ!"

ಸೆಕ್ರೆಟರಿ ಬಂದವನೇ ಗೋಡೆಯ ಸ್ವಿಚ್ ಆರಿಸಿ ಹಚ್ಚಿದ. ಪರದೆಯ ಗುಂಡಿಯನ್ನೂ ಒತ್ತಿದ. ಅರ್ಧ ತಾಸಿನ ಪತ್ರ ಹೋಯಿತು. ಬೆಳಕು ಬಂತು.

"ಈಗ ಚಾಲೂ ಆತು ನೋಡಪಾ" ಎಂದ, ಖುಷಿಯಿಂದ.

ಅಂದಿನಿಂದ ಪರದೆ ಹಚ್ಚಿಯೇ ಇಟ್ಟೆವು. ಕಣ್ಣಿದ್ದವರಿಗೆ ಅನುಕೂಲವಾಗಲಿ ಎಂದು.

೨. ಉಸಿರು ಬಿಡದವಳು

ಮರುದಿನ ಹೆಡ್‌ಫೋನ್ ಕೆಟ್ಟಿತು. ಸ್ಪೀಕರ್ ಹಚ್ಚಿದೆ. ಯಂತ್ರದ್ದು ಹೆಣ್ಣು ದನಿ. ಗುಮಾಸ್ತ ಅದನ್ನು ಬಹಳ ವೇಗವಾಗಿ ಓಡಿಸುತ್ತಾನೆ. ನನಗೆ ಒಂದು ಅಕ್ಷರವೂ ತಿಳಿಯುವುದಿಲ್ಲ.

ಜೋಳದ ಬೀಜಕ್ಕೆ ಬಂದ ಮುದುಕಿ ಐದು ನಿಮಿಷ ಕೇಳಿದಳು.

"ಯಾರೋ ತಮ್ಮಾ ಇಕಿ? ಒಂದ ಸವನೆ ಒದರಾಕ ಹತ್ಯಾಳಲ್ಲೋ!"

"ಮಷೀನ್ ಐತಿ ಯಮ್ಮಾ" ಎಂದ ಗುಮಾಸ್ತ.

"ಮಷೀನ್ ಆದ್ರೇನು? ಮುಂಜಾನಿಂದ ಮಾತಾಡಾಕ ಹತ್ಯಾಳ, ಬೆಲ್ಲಾ ನೀರು ಕೊಟ್ಟೀರಿಲ್ಲೋ? ಎಂಥಾ ಮಂದಿ ನೀವು!"

ತಾನೇ ಚೀಲದಿಂದ ಬೆಲ್ಲ ತೆಗೆದು, ತಂಬಿಗೆ ನೀರಿನ ಜೊತೆ ಸ್ಪೀಕರಿನ ಮುಂದಿಟ್ಟಳು. ಅವಳು ಹೋಗುವವರೆಗೆ ಗುಮಾಸ್ತ ದನಿ ನಿಲ್ಲಿಸಿದ.

"ನೋಡು, ನೀರು ಕುಡ್ಯಾಕ ಹತ್ಯಾಳ" ಎನ್ನುತ್ತ ಮುದುಕಿ ಸಮಾಧಾನದಿಂದ ಹೋದಳು.

೩. ಹೆಸರಿಡುವುದು

ಆ ಹೊಸ ಸಾಫ್ಟ್‌ವೇರಿನಲ್ಲಿ ಬಟನ್‌ಗಳೆಲ್ಲ ಬರೀ ಚಿತ್ರ. ಒಂದಕ್ಕೂ ಹೆಸರಿಲ್ಲ. ಯಂತ್ರ "ಬಟನ್, ಬಟನ್, ಬಟನ್" ಎಂದಷ್ಟೇ ಓದುತ್ತಿತ್ತು. ಒಂದೊಂದಕ್ಕೂ ನಾನು ಹೆಸರು ಬರೆದು ಕೂಡಿಸಬೇಕು.

ಭಾನುವಾರ ಸೆಕ್ರೆಟರಿಯನ್ನು ಕೂರಿಸಿಕೊಂಡು, ಬೆರಳು ತೋರಿಸಿ "ಇದು?" ಎಂದು ಕೇಳುತ್ತ ಹೋದೆ. ಅವನು ಎಲೆ ಅಡಿಕೆ ಹಾಕಿಕೊಂಡು ಹೇಳುತ್ತ ಹೋದ. ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಎರಡನೇ ಸಲ ಕೇಳುವ ರೂಢಿ ನನಗಿಲ್ಲ.

ಸೋಮವಾರ ಅಧ್ಯಕ್ಷರು ಬಂದರು. ಎದುರಿಗೆ ಒಬ್ಬ ರೈತ ಎರಡು ಚೀಲ ಸೋಯಾ ಬೀಜಕ್ಕೆ ನಿಂತಿದ್ದ. ಗುಮಾಸ್ತ ಸ್ಪೀಕರ್ ಹಚ್ಚಿದ. ಎಲ್ಲರಿಗೂ ಕೇಳಲೆಂದು ದನಿ ನಿಧಾನ ಮಾಡಿದ. ಒಂದೊಂದೇ ಬಟನ್ ದಾಟುತ್ತ ಹೋದ.

"ಬಿತ್ತನೆ ಬೀಜ, ಬಟನ್" ಎಂದಿತು ಯಂತ್ರ.

ಅಧ್ಯಕ್ಷರು ತಲೆ ಆಡಿಸಿದರು.

"ಅದನ್ನ ಮುಟ್ಟಬ್ಯಾಡ್ರಿ, ಬಟನ್."

ಅಧ್ಯಕ್ಷರು ಕೈ ಹಿಂದೆ ತೆಗೆದುಕೊಂಡರು.

"ಇದೇನಂತ ನನಗೂ ಗೊತ್ತಿಲ್ಲ, ಬಟನ್."

ಸೆಕ್ರೆಟರಿ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

"ಅಧ್ಯಕ್ಷರು ಬಂದಾಗಷ್ಟ ತೋರ್ಸೂದು, ಬಟನ್."

ಗುಮಾಸ್ತ ಮೆಲ್ಲಗೆ ಕೇಳಿದ: "ಒತ್ತಲೇನ್ರಿ?"

"ಒತ್ತಪಾ, ಬಂದೀನಲ್ಲ!" ಎಂದರು ಅಧ್ಯಕ್ಷರು.

ಒತ್ತಿದ. ಪರದೆಯ ತುಂಬ ಅಧ್ಯಕ್ಷರ ಫೋಟೋ, ಸುತ್ತಲೂ ಹಾರ, ಕೆಳಗೆ "ಸುಸ್ವಾಗತ". ಅಧ್ಯಕ್ಷರ ಹೊಟ್ಟೆ ಕುಲುಕಿತು. ನಗು ನಿಲ್ಲುವುದರೊಳಗೆ ಗುಮಾಸ್ತ ನಾಲ್ಕು ಕೀ ಬಡಿದ. ಪ್ರಿಂಟರಿನಿಂದ ಸೋಯಾ ಚೀಟಿ ಹೊರಬಂದು ರೈತನ ಕೈ ಸೇರಿತು.

"ಇವನ್ನ ಈ ಕುರ್ಚಿಂದ ಯಾರೂ ಎಬ್ಬಸೂ ಹಂಗಿಲ್ಲ" ಎಂದರು ಅಧ್ಯಕ್ಷರು.

ಸೆಕ್ರೆಟರಿ ನನ್ನ ತೋಳು ಹಿಡಿದ. "ಯಜಮಾನ್ರ, ಆ ಹೆಸರು ಬದ್ಲಿ ಮಾಡ್ರಿ, ಕೈ ಮುಗೀತೇನಿ."

"ಒಂದಕ್ಷರ ಮುಟ್ಟಬ್ಯಾಡ್ರಿ!" ಎಂದರು ಅಧ್ಯಕ್ಷರು. "ಐದು ವರ್ಷದಾಗ ಈ ಸಂಘದಾಗ ನನ್ನ ಮುಂದ ಖರೇ ಮಾತಾಡಿದ್ದು ಇದೊಂದ."