ಕೊಲೆಗಾರನನ್ನು ಬಾಗಿಲಲ್ಲೇ ಪರಿಚಯಿಸಿದ ಮಹನೀಯರಿಗೆ

ಮಾನ್ಯರೇ,

ಕಿವಿಯಿಂದಲೇ ಆಡುವ ಕಥೆಯಾಟಗಳನ್ನು ತಯಾರಿಸುವ ತಮ್ಮ ಪುಟ್ಟ ಸಂಸ್ಥೆಗೂ, ಅದರ ಮೂವರು ಸಿಬ್ಬಂದಿಗೂ ಗೌರವಪೂರ್ವಕ ನಮಸ್ಕಾರಗಳು.

ವಸತಿಗೃಹದ ಮಾಲೀಕನಿಗೆ ವಿಷ ಹಾಕುವವರು ಡಾಕ್ಟರು ಎಂಬ ಸಂಗತಿ ನಿನ್ನೆ ಸಂಜೆ, ತಮ್ಮ ಆಟದಲ್ಲಿ ಆ ಮಾಲೀಕ ಇನ್ನೂ ಆರೋಗ್ಯವಾಗಿ ಕೆಮ್ಮುತ್ತಿದ್ದಾಗಲೇ, ನಮ್ಮ ಮನೆಯಲ್ಲಿ ಬಯಲಾಯಿತು. ವರದಿ ಮಾಡಿದವಳು ನನ್ನ ಹೆಂಡತಿ. "ರೀ, ಡಾಕ್ಟರೇ ಕೊಲ್ಲೋದು! ಇಲ್ಲೇ ಬರೆದಿದ್ದಾರೆ, ನೋಡಿ" ಎಂದಳು. ಕಣ್ಣು ಕಾಣದ ನನಗೆ ನೋಡಿ ಎಂದದ್ದರ ಬಗ್ಗೆ ತಮ್ಮಲ್ಲಿ ದೂರಿಲ್ಲ. ಅದು ಮನೆಯೊಳಗಿನ ವಿಷಯ.

ನೇಯ್ಗೆ ಗಿರಣಿಯ ಮಗ್ಗಗಳ ನಡುವೆ ದುಡಿದ ಅವಳಿಗೆ ಕಿವಿ ಮಂದ, ಪಕ್ಕದಲ್ಲೇ ಕೂತು ಕೂಗಿದರಷ್ಟೇ ಕೇಳಿಸುತ್ತದೆ. ಟೀವಿ ಅವಳದು, ರೇಡಿಯೋ ನನ್ನದು ಎಂದು ಮನೆಯಲ್ಲಿ ಪಾಲಾಗಿ ಹೋಗಿ, ಇಬ್ಬರೂ ಸೇರಿ ಒಂದು ಕಥೆ ಕೇಳುವುದು ನಿಂತೇಹೋಗಿತ್ತು. ಆದ್ದರಿಂದ ಆಟದ ಮಾತು, ಸದ್ದುಗಳನ್ನು ಪರದೆಯ ಮೇಲೆ ಅಕ್ಷರಗಳಲ್ಲೂ ತೋರಿಸಬೇಕೆಂದು ತಮ್ಮನ್ನು ಕೋರಿದವನು ನಾನೇ. "ತಮ್ಮ ಸಲಹೆ ಅಮೂಲ್ಯ" ಎಂದು ಉತ್ತರಿಸಿ ಕಂಪನಿಗಳು ಕಣ್ಮರೆಯಾಗುವ ಈ ಕಾಲದಲ್ಲಿ ತಾವು ಕೋರಿಕೆಯನ್ನು ನಿಜಕ್ಕೂ ಈಡೇರಿಸಿದಿರಿ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿರಿ ಎಂಬುದೊಂದೇ ನನ್ನ ಅಳಲು.

ವಸತಿಗೃಹದ ಬಾಗಿಲು ತೆರೆದಾಗ ನನ್ನ ಎಡಗಿವಿಯಲ್ಲಿ ಯಾರೋ ಸಜ್ಜನರು "ಬನ್ನಿ ಬನ್ನಿ, ಚಳಿಯಲ್ಲಿ ನಿಂತಿದ್ದೀರಲ್ಲ" ಎಂದರು. ಅವಳ ಪರದೆಯಲ್ಲಿ ಅದು "ಕೊಲೆಗಾರ (ನಯವಾಗಿ): ಬನ್ನಿ ಬನ್ನಿ" ಎಂದು ಮೂಡಿತಂತೆ. ಆಮೇಲೆ ನನಗೆ ಅಡುಗೆಮನೆಯ ಕಡೆಯಿಂದ "ಟಣ್" ಎಂದು ಕೇಳಿಸಿದ್ದು, ಅವಳಿಗೆ "ಡಾಕ್ಟರು ವಿಷದ ಬಾಟಲಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುವ ಸದ್ದು" ಎಂದು ಕಾಣಿಸಿತು. ಟೆಲಿಫೋನ್ ಕಚೇರಿಯಲ್ಲಿ ಜನರ ದನಿ ಕೇಳಿಕೊಂಡೇ ನಿವೃತ್ತನಾದ ನಾನು, ಆ ಟಣ್ ಒಂದನ್ನೇ ನೆಚ್ಚಿಕೊಂಡು ಅಡುಗೆಯವಳ ಮೇಲೆ ಬಲವಾದ ಮೊಕದ್ದಮೆಯನ್ನೇ ಕಟ್ಟಿದ್ದೆ. "ನೀವು ಆ ಪಾಪದವಳನ್ನ ವಿಚಾರಣೆ ಮಾಡ್ತಾ ಇರಿ, ನನಗೆ ಇಸ್ತ್ರಿ ಕೆಲಸ ಇದೆ" ಎಂದು ಹೆಂಡತಿ ಎದ್ದು ಹೋದಳು. ಉಳಿದ ಕೊಲೆಯನ್ನು ನಾನೊಬ್ಬನೇ ಕೇಳಿ ಮುಗಿಸಿದೆ.

ಇಷ್ಟು ಪ್ರಾಮಾಣಿಕವಾದ ಅಕ್ಷರ ಸೇವೆಯನ್ನು ಒಂದು ಆಟಕ್ಕೆ ಸೀಮಿತಗೊಳಿಸುವುದು ಸಮಾಜಕ್ಕೆ ಮಾಡುವ ಅನ್ಯಾಯವೆಂದು ನನ್ನ ವಿನಮ್ರ ಅಭಿಪ್ರಾಯ. ನಲ್ಲಿ ರಿಪೇರಿಯವನು "ನಾಳೆ ಬೆಳಿಗ್ಗೆನೇ ಬಂದ್ಬಿಡ್ತೀನಿ ಸಾರ್" ಎನ್ನುವಾಗ ಅವನ ಎದೆಯ ಮೇಲೆ "(ಬರುವುದಿಲ್ಲ)" ಎಂದು ಮೂಡುವಂತೆ ದಯಮಾಡಿ ವ್ಯವಸ್ಥೆ ಮಾಡಿರಿ. ನನ್ನ ಭಾವಮೈದ "ಈ ಸಲ ಒಂದೇ ದಿನ ಇರೋದು ಭಾವ" ಎಂದು ಒಳಗೆ ಬರುವಾಗ "(ಮೂರನೆಯ ಪೆಟ್ಟಿಗೆ ಇಳಿಸುವ ಸದ್ದು)" ಎಂದು ತೋರಿಸಿದರೂ ಸಾಕು. ನಾನು ಓದಲಾರೆ, ಹೆಂಡತಿ ಓದಿ ಹೇಳುತ್ತಾಳೆ. ತನ್ನ ತಮ್ಮನ ವಿಷಯದಲ್ಲಿ ಮಾತ್ರ ಹೇಳುವುದು ಅನುಮಾನ.

ಇದಾವುದೂ ಸದ್ಯಕ್ಕೆ ಸಾಧ್ಯವಾಗದಿದ್ದಲ್ಲಿ ಒಂದು ಚಿಕ್ಕ ಬೇಡಿಕೆ. ನನ್ನ ಕಿವಿಗೆ ಎಷ್ಟು ತಿಳಿಯುತ್ತದೋ ಅವಳ ಕಣ್ಣಿಗೂ ಅಷ್ಟೇ ತಿಳಿಯಲಿ. ನನಗೆ ಅಪರಿಚಿತನಾದವನು ಅವಳಿಗೂ "ಅಪರಿಚಿತ ಗಂಡಸು" ಆಗಿರಲಿ. ನನ್ನ ಟಣ್ ಅವಳಿಗೂ ಟಣ್ ಆಗಿರಲಿ. ಅಡುಗೆಯವಳ ಮೇಲೆ ಅವಳೂ ನನ್ನೊಂದಿಗೆ ಕೂತು ತಪ್ಪಾಗಿ ಅನುಮಾನ ಪಡಬೇಕು. ನಾನು ಮೊದಲು ಕೇಳಿದ್ದೂ ಇದನ್ನೇ, ಸರಿಯಾಗಿ ಬಿಡಿಸಿ ಬರೆದಿರಲಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಆಟಗಾರ (ಸೋತ ಸಿಟ್ಟಿನಲ್ಲಿ)

ತಾ.ಕ.: ನಾನು ಬಾಯಲ್ಲಿ ಹೇಳಿ ಫೋನಿನಲ್ಲಿ ಬರೆಸಿದ ಈ ಪತ್ರವನ್ನು ತಿದ್ದಲು ಹೆಂಡತಿಗೆ ಕೊಟ್ಟಿದ್ದೆ. ಸಹಿಯ ಪಕ್ಕ ಆವರಣದಲ್ಲಿ ಅವಳೇನೋ ಸೇರಿಸಿದ್ದಾಳೆ. ಏನೆಂದು ಕೇಳಿದರೆ "ಟಣ್" ಎಂದಳು. ತಮ್ಮ ಎರಡನೆಯ ಕಥೆ ಶನಿವಾರ ಸಂಜೆ ಬಿಡುಗಡೆಯಾಗಲಿದೆ. ಇಸ್ತ್ರಿಯನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದಾಳೆ.